ವಿದ್ಯಾರ್ಥಿಗಳು ಓದುವ ಐದು ನಿಮಿಷದ ಸ್ಥಳೀಯ ವಾರ್ತೆ

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ನೀಡಿದ ಭಾಷಣದ ಪಾಠ)



ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದುಕೊಂಡು ರೈತರೊಡನೆ ಕೆಲಸ ಕಲಿಯುವುದು ತಮಗೆಲ್ಲ ತಿಳಿದದ್ದೇ. ಗ್ರಾಮೀಣ ಕೃಷಿ ಕಾರ್ಯಾನುಭವವೆಂದು ಇದಕ್ಕೆ ಹೆಸರು. ಮಣ್ಣಿನ ಮಾದರಿ ತೆಗೆಯುವುದು, ಬೀಜೋಪಚಾರ ಮಾಡಿ ತೋರಿಸುವುದು, ಶಾಲೆಯ ಗೋಡೆಗೆ ಭಿತ್ತಿಪತ್ರ ಅಂಟಿಸುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಈ ಕಲಿಕೆಗೆ ಇನ್ನೊಂದು ಕೆಲಸವನ್ನು ಸೇರಿಸಿದರೆ ಹೇಗೆ ಎಂಬುದು ಇಂದಿನ ವಿಷಯ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಗೆ ಮಾತ್ರ ಸಂಬಂಧಪಟ್ಟ ಐದು ನಿಮಿಷದ ಬಾನುಲಿ ವಾರ್ತೆಯನ್ನು ವಾರಕ್ಕೆರಡು ಸಲ ವಿದ್ಯಾರ್ಥಿಗಳೇ ಕೂಡಿಸಿ, ಬರೆದು, ಓದುವುದು. ಕೇಳಲು ಇದು ಚಿಕ್ಕ ಕೆಲಸ. ಆದರೆ ಅದರಲ್ಲಿ ತಪ್ಪಿ ಬಿದ್ದ ಒಂದು ಅಂಕಿ ರೈತನೊಬ್ಬನ ವರ್ಷದ ದುಡಿಮೆಯನ್ನು ಅಲ್ಲಾಡಿಸಬಲ್ಲದು.

ವಿದ್ಯಾಸಂಸ್ಥೆಯವರು ರೇಡಿಯೋ ನಡೆಸುವುದು ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಿತ್ತರಿಕೆ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದ. ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿಯಲ್ಲಿ ಶುರುವಾಯಿತು. ಈ ಭಾಗದ ಹಿರಿಯ ರೈತರು ಪೇಟೆ ಧಾರಣೆ ಎಂಬ ಮಾತನ್ನು ಮೊದಲು ಕೇಳಿದ್ದು ಬಹುಪಾಲು ರೇಡಿಯೋದಲ್ಲಿಯೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ತನ್ನದೇ ಸಮುದಾಯ ಬಾನುಲಿ ಕೇಂದ್ರವನ್ನು ಆರಂಭಿಸಿತು. ಸಮುದಾಯ ಬಾನುಲಿಗೆ ಇರುವ ಶಕ್ತಿ ಚಿಕ್ಕದು. ಅದರ ಧ್ವನಿ ಹತ್ತು-ಹದಿನೈದು ಕಿಲೋಮೀಟರು ದಾಟುವುದು ಕಷ್ಟ. ಧಾರವಾಡದಿಂದ ಹಾವೇರಿ ಹೆಚ್ಚುಕಡಿಮೆ ನೂರು ಕಿಲೋಮೀಟರು ದೂರ. ಹೀಗಾಗಿ ಹಾವೇರಿ ಸೀಮೆಯ ವಾರ್ತೆಯನ್ನು ಹಾವೇರಿ ಸೀಮೆಯಲ್ಲಿಯೇ ಕೂಡಿಸಬೇಕು. ಅದನ್ನು ಹಳ್ಳಿಯ ಧ್ವನಿವರ್ಧಕದಲ್ಲಿ ಕೇಳಿಸಬಹುದು, ಮುದ್ರಿಸಿ ಫೋನಿಗೆ ಕಳಿಸಬಹುದು. ದಾರಿ ಯಾವುದಾದರೂ ಬರೆಯುವ ಕಷ್ಟ ಒಂದೇ.

ಇಲ್ಲಿ ಒಂದು ಕಾಯಿದೆಯ ಮಾತೂ ಇದೆ. 2006ರಲ್ಲಿ ಸರಕಾರವು ಸಮುದಾಯ ಬಾನುಲಿಯ ನಿಯಮಗಳನ್ನು ವಿಸ್ತರಿಸಿ, ಸೇವಾಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಅವಕಾಶ ಕೊಟ್ಟಿತು. ಆದರೆ ಸ್ವಂತ ಸುದ್ದಿ ಬಿತ್ತರಿಸಲು ಅನುಮತಿ ಕೊಡಲಿಲ್ಲ. ರಾಜಕೀಯ ಸುದ್ದಿ, ಅದರ ಮೇಲಿನ ಚರ್ಚೆ ಅಲ್ಲಿ ಸಲ್ಲದು. ಇದನ್ನು ಕೇಳಿ ವಿದ್ಯಾರ್ಥಿಗಳು ನಿರಾಶರಾಗುವುದುಂಟು. ಸುದ್ದಿ ಬೇಡವೆಂದ ಮೇಲೆ ವಾರ್ತೆಯಲ್ಲಿ ಏನು ಉಳಿಯಿತು ಎಂದು ಕೇಳುತ್ತಾರೆ. ಉಳಿಯುವುದನ್ನು ನೋಡಿರಿ: ಮಳೆ, ಪೇಟೆ ಧಾರಣೆ, ಗೊಬ್ಬರ ಮತ್ತು ಬೀಜದ ದಾಸ್ತಾನು, ಕೀಟದ ಎಚ್ಚರಿಕೆ, ಕಾಲುವೆಯ ನೀರು, ಕರೆಂಟಿನ ಹೊತ್ತು. ರೈತ ಬೆಳಿಗ್ಗೆ ಎದ್ದು ಕೇಳಬಯಸುವುದು ಇವನ್ನೇ. ಮಂತ್ರಿಗಳ ಪ್ರವಾಸವನ್ನು ಹೇಳಲು ಬೇರೆಯವರು ಸಾಕಷ್ಟು ಮಂದಿ ಇದ್ದಾರೆ.

ಈಗ ಎಂಟು ವಿದ್ಯಾರ್ಥಿಗಳ ಒಂದು ತಂಡ ಬ್ಯಾಡಗಿಯ ಪೇಟೆಗೆ ಹೋಗಿದೆ ಎಂದಿಟ್ಟುಕೊಳ್ಳಿರಿ. ಬ್ಯಾಡಗಿ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಊರು. ಆದರೆ ಒಣ ಮೆಣಸಿನಕಾಯಿಯ ವ್ಯಾಪಾರದಲ್ಲಿ ದೇಶಕ್ಕೇ ಹೆಸರಾದ ಪೇಟೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಅದರ ಗುಣ. ಸೋಮವಾರ ಮತ್ತು ಗುರುವಾರ ಇಲ್ಲಿ ಟೆಂಡರು. ಜನವರಿಯಿಂದ ಮಾರ್ಚಿನವರೆಗೆ ಆವಕ ಏರುತ್ತದೆ. ಮಾಲು ಹಾವೇರಿ ಜಿಲ್ಲೆಯದ್ದು ಮಾತ್ರವಲ್ಲ, ಬಳ್ಳಾರಿ, ರಾಯಚೂರು ಕಡೆಯಿಂದಲೂ ಆಂಧ್ರದಿಂದಲೂ ಲಾರಿಗಳಲ್ಲಿ ಬಂದು ಇಳಿಯುತ್ತದೆ.

ಅಲ್ಲಿಂದ ತಂಡವು ತರುವ ಮೊದಲ ಕರಡು ಹೆಚ್ಚಾಗಿ ಹೀಗಿರುತ್ತದೆ: "ಬ್ಯಾಡಗಿ ಮೆಣಸಿನಕಾಯಿಗೆ ಭರ್ಜರಿ ಬೆಲೆ, ಕ್ವಿಂಟಲಿಗೆ ನಲವತ್ತೆರಡು ಸಾವಿರ." ಈ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಯಾವುದೋ ಒಂದು ಲಾಟಿಗೆ ಆ ಬೆಲೆ ನಿಜವಾಗಿಯೂ ಬಿದ್ದಿರುತ್ತದೆ. ಆದರೂ ಇದನ್ನು ಹೀಗೆಯೇ ಓದಿದರೆ ಕೇಡು ತಪ್ಪದು. ಏಕೆಂಬುದನ್ನು ಲೆಕ್ಕದಿಂದ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನೂರು ಲಾಟುಗಳಲ್ಲಿ ಆಯ್ದ ಡಬ್ಬಿ ಮೆಣಸಿನಕಾಯಿಯ ಮೂರು ಲಾಟುಗಳಿಗೆ ನಲವತ್ತು ಸಾವಿರದ ಆಸುಪಾಸು ಸಿಕ್ಕಿತು. ಎಪ್ಪತ್ತೈದು ಲಾಟುಗಳು ಹದಿನೈದರಿಂದ ಇಪ್ಪತ್ತು ಸಾವಿರದೊಳಗೆ ಹೋದವು. ಉಳಿದ ಇಪ್ಪತ್ತೆರಡು, ಹಸಿ ಇದ್ದದ್ದು, ಬಣ್ಣಗೆಟ್ಟದ್ದು, ಒಂಬತ್ತು ಸಾವಿರ ದಾಟಲಿಲ್ಲ. ಮನೆಯಲ್ಲಿ ಹತ್ತು ಕ್ವಿಂಟಲ್ ಕಡ್ಡಿ ಮೆಣಸಿನಕಾಯಿ ಇಟ್ಟುಕೊಂಡ ರೈತ ವಾರ್ತೆ ಕೇಳಿ ನಾಲ್ಕು ಲಕ್ಷ ಎಂದು ಎಣಿಸುತ್ತಾನೆ. ಸಾಲಗಾರನಿಗೆ ಮಾತು ಕೊಡುತ್ತಾನೆ. ಬಾಡಿಗೆ ಗಾಡಿ ಹೂಡಿ ಮಾಲು ತರುತ್ತಾನೆ. ಕೈಗೆ ಬರುವ ಪಟ್ಟಿಯಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರ ಇರುತ್ತದೆ. ಆಗ ಅವನಿಗೆ ತೋರುವುದು ಒಂದೇ: ತನಗೆ ಮೋಸವಾಯಿತು. ನಿಜವಾಗಿಯೂ ಮೋಸವಾಗಿದೆಯೋ ಇಲ್ಲವೋ ತಿಳಿಯಲು ಅವನ ಬಳಿ ಸಾಧನವಿಲ್ಲ. ವಾರ್ತೆ ಆ ಸಾಧನವನ್ನು ಕೊಡಬೇಕಾಗಿತ್ತು, ಕೊಡಲಿಲ್ಲ. ವರ್ತಕನು ನಿಜವಾಗಿಯೇ ಕಡಿಮೆ ಕೂಗಿದ ದಿನವೂ ರೈತನು ಅದನ್ನು ಸಿದ್ಧಮಾಡಿ ತೋರಿಸಲಾರ. ಏಕೆಂದರೆ ಅಂದಿನ ಸಾಮಾನ್ಯ ಧಾರಣೆ ಏನಿತ್ತು ಎಂಬುದೇ ಅವನಿಗೆ ಗೊತ್ತಿರುವುದಿಲ್ಲ.

2024ರ ಮಾರ್ಚ್ 11, ಸೋಮವಾರ ಬ್ಯಾಡಗಿಯಲ್ಲಿ ನಡೆದದ್ದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಧಾರಣೆ ಒಮ್ಮೆಲೇ ಕುಸಿಯಿತೆಂದು ರೈತರು ಸಿಟ್ಟಿಗೆದ್ದರು. ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ದಿನದ ಧಾರಣೆ ನ್ಯಾಯವಾಗಿತ್ತೇ ಇಲ್ಲವೇ ಎಂಬುದು ಬೇರೆ ವಿಚಾರಣೆಯ ವಿಷಯ. ವಾರ್ತೆ ಬರೆಯುವ ವಿದ್ಯಾರ್ಥಿ ಅದರಿಂದ ತಿಳಿಯಬೇಕಾದದ್ದು ಇಷ್ಟು: ಹಿಂದಿನ ವಾರಗಳಲ್ಲಿ ಕಿವಿಗೆ ಬಿದ್ದ ಬೆಲೆಗೂ ಕೈಗೆ ಬಂದ ಬೆಲೆಗೂ ನಡುವಿನ ಅಂತರವು ಉರುವಲಿನಂತೆ ಕೂಡುತ್ತ ಹೋಗುತ್ತದೆ. ದಾಖಲೆ ಧಾರಣೆಯ ಪಟ್ಟಿಯ ಫೋಟೋ ಒಂದು ದಿನದಲ್ಲಿ ಹತ್ತು ತಾಲ್ಲೂಕು ಸುತ್ತುತ್ತದೆ. ಸಾಮಾನ್ಯ ಧಾರಣೆಯ ಪಟ್ಟಿಯನ್ನು ಯಾರೂ ಫೋಟೋ ತೆಗೆಯುವುದಿಲ್ಲ.

ಕೃಷಿ ಮಾರಾಟ ಇಲಾಖೆಯು ಪ್ರಕಟಿಸುವ ಧಾರಣೆಯಲ್ಲಿ ಮೂರು ಅಂಕಿಗಳಿರುತ್ತವೆ: ಕನಿಷ್ಠ, ಗರಿಷ್ಠ ಮತ್ತು ಮೋಡಲ್ ಅಂದರೆ ಹೆಚ್ಚು ಮಾಲು ಮಾರಾಟವಾದ ಧಾರಣೆ. ಅಂಕಿಗಳು ಫೋನಿನಲ್ಲಿ ಯಾರಿಗಾದರೂ ಸಿಗುತ್ತವೆ, ಮತ್ತೆ ವಿದ್ಯಾರ್ಥಿಗಳ ಕೆಲಸವೇನು ಎಂದು ಯಾರಾದರೂ ಕೇಳಬಹುದು. ಅಂಕಿ ಸಿಗುವುದು ನಿಜ. ಈ ಮೂರರಲ್ಲಿ ತನ್ನ ಮನೆಯ ಮಾಲಿಗೆ ಸಲ್ಲುವುದು ಯಾವುದು ಎಂಬುದನ್ನು ಅಂಕಿ ತಾನಾಗಿ ಹೇಳುವುದಿಲ್ಲ. ಅದನ್ನು ಹೇಳಬೇಕಾದರೆ ವಿದ್ಯಾರ್ಥಿ ಪೇಟೆಯೊಳಗೆ ನಡೆದು ರಾಶಿ ನೋಡಬೇಕು, ಕಾಯಿ ಮುರಿದು ನೋಡಬೇಕು. ಡಬ್ಬಿ ಎಂದರೆ ಗಿಡ್ಡ, ದಪ್ಪ, ಸುಕ್ಕುಗಟ್ಟಿದ ಕಾಯಿ. ಕಡ್ಡಿ ಉದ್ದ, ತೆಳು. ಇವೆರಡನ್ನೂ ಹೋಲುವ ಹೈಬ್ರಿಡ್ ಕಾಯಿಗಳು ಈಗ ಪಕ್ಕದಲ್ಲಿಯೇ ಇರುತ್ತವೆ. ತೇವಾಂಶ ನೂರಕ್ಕೆ ಹತ್ತು-ಹನ್ನೊಂದರೊಳಗೆ ಇದ್ದರೆ ಮಾಲು ಇಟ್ಟರೂ ಕೆಡದು. ಅದಕ್ಕೂ ಹಸಿ ಇದ್ದರೆ ಬೂಸ್ಟು ಬರುತ್ತದೆ, ಧಾರಣೆಯೂ ಬೀಳುತ್ತದೆ. ಪುಸ್ತಕದಲ್ಲಿ ಇದನ್ನು ಓದಿ ಉತ್ತೀರ್ಣರಾದವರಿಗೂ ಇಪ್ಪತ್ತು ರಾಶಿಗಳನ್ನು ಸುತ್ತಿ ಒಂದು ವಾಕ್ಯ ಬರೆಯಲು ಕುಳಿತಾಗಲೇ ವಿಷಯ ತಲೆಗೆ ಹತ್ತುತ್ತದೆ. ಆ ಮೇಲೆ ಕರಡು ಬದಲಾಗುತ್ತದೆ:

"ಇಂದು ಬ್ಯಾಡಗಿ ಪೇಟೆಯಲ್ಲಿ ಕಡ್ಡಿ ಮೆಣಸಿನಕಾಯಿಯ ಬಹಳಷ್ಟು ಲಾಟುಗಳು ಹದಿನೈದರಿಂದ ಇಪ್ಪತ್ತು ಸಾವಿರದೊಳಗೆ ಹೋದವು. ಹಸಿ ಇದ್ದ ಮಾಲು, ಬಣ್ಣಗೆಟ್ಟ ಮಾಲು ಒಂಬತ್ತು ಸಾವಿರ ದಾಟಲಿಲ್ಲ. ಆಯ್ದು ಒಣಗಿಸಿದ ಡಬ್ಬಿಯ ಮೂರು ಲಾಟುಗಳಿಗೆ ಮಾತ್ರ ನಲವತ್ತು ಸಾವಿರದ ಸುಮಾರು ಸಿಕ್ಕಿತು. ಕಳೆದ ಗುರುವಾರಕ್ಕಿಂತ ಇಂದು ಆವಕ ಹೆಚ್ಚು."

ಇಲ್ಲಿ ಭರ್ಜರಿ ಎಂಬ ಮಾತಿಲ್ಲ. ಗರಿಷ್ಠ ಧಾರಣೆ ಕೊನೆಗೆ ಹೋಗಿದೆ. ಕೇಳಿದವನು ಇನ್ನೆರಡು ದಿನ ಒಣಗಿಸಬೇಕೋ, ಆರಿಸಿ ವಿಂಗಡಿಸಬೇಕೋ, ಕೋಲ್ಡ್ ಸ್ಟೋರೇಜಿಗೆ ಹಾಕಬೇಕೋ ಎಂಬುದನ್ನು ತಾನೇ ತೂಗಿ ನೋಡಬಹುದು.

ಕಿವಿಗೆ ಬರೆಯುವುದು ಕಣ್ಣಿಗೆ ಬರೆಯುವುದಕ್ಕಿಂತ ಬೇರೆ ವಿದ್ಯೆ. ಓದುವವನು ತಿಳಿಯದಿದ್ದರೆ ಹಿಂದಿನ ಸಾಲಿಗೆ ಮರಳಬಹುದು. ಕೇಳುವವನಿಗೆ ಆ ಅವಕಾಶವಿಲ್ಲ. ಇದಕ್ಕೆ ಸಿಂಪರಣೆಯ ಸಲಹೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2018ರ ಮೇ ತಿಂಗಳಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ ಹೊಸ ಸೈನಿಕ ಹುಳು ಕಾಣಿಸಿಕೊಂಡು, ಮುಂದೆ ದೇಶದ ಗೋವಿನಜೋಳಕ್ಕೆಲ್ಲ ಹರಡಿತು. ಅದಕ್ಕೆ ಇಮಾಮೆಕ್ಟಿನ್ ಬೆಂಜೋಯೇಟ್ ಶೇಕಡಾ 5ರ ಪುಡಿಯನ್ನು ಲೀಟರಿಗೆ 0.4 ಗ್ರಾಮಿನಂತೆ ಶಿಫಾರಸು ಮಾಡಲಾಗಿದೆ. ಕಾಗದದ ಮೇಲೆ ಇದು ಸರಿಯಾಗಿದೆ. ಮಗ್ಗ, ಟ್ರಾಕ್ಟರು, ಮಕ್ಕಳ ಗದ್ದಲದ ನಡುವೆ "ಸೊನ್ನೆ ದಶಾಂಶ ನಾಲ್ಕು" ಎಂಬುದರಲ್ಲಿ ಕಿವಿಗೆ ನಿಲ್ಲುವುದು "ನಾಲ್ಕು" ಮಾತ್ರ. ಅಲ್ಲಿಗೆ ಔಷಧ ಹತ್ತು ಪಟ್ಟಾಯಿತು! ಬಾನುಲಿಯಲ್ಲಿ ದಶಾಂಶ ಹೇಳಲೇಬಾರದು. "ಹದಿನೈದು ಲೀಟರಿನ ಒಂದು ಪಂಪಿಗೆ ಆರು ಗ್ರಾಂ, ಮತ್ತೆ ಹೇಳುತ್ತೇವೆ, ಒಂದು ಪಂಪಿಗೆ ಆರು ಗ್ರಾಂ" ಎಂದು ಓದಬೇಕು. ಸಂಜೆ ಹೊತ್ತು, ಸುಳಿಯೊಳಗೆ ಬೀಳುವಂತೆ ಎಂಬ ಮಾತನ್ನೂ ಸೇರಿಸಬೇಕು.

ಪದಗಳ ತೊಡಕೂ ಸಣ್ಣದಲ್ಲ. ವಿದ್ಯಾರ್ಥಿಗಳು ನಾಡಿನ ಎಲ್ಲ ಕಡೆಯಿಂದ ಬಂದಿರುತ್ತಾರೆ. ಮೈಸೂರು ಕಡೆಯ ಹುಡುಗಿ ಮುಸುಕಿನ ಜೋಳ ಎಂದು ಬರೆಯುತ್ತಾಳೆ, ಪುಸ್ತಕ ಮೆಕ್ಕೆಜೋಳ ಎನ್ನುತ್ತದೆ, ಹಾವೇರಿಯ ಹೊಲದಲ್ಲಿ ನಿಂತಿರುವುದು ಗೋವಿನಜೋಳ. ಈರುಳ್ಳಿ ಇಲ್ಲಿ ಉಳ್ಳಾಗಡ್ಡಿ, ಕಡಲೆಕಾಯಿ ಇಲ್ಲಿ ಶೇಂಗಾ. ಬೆಳೆಯ ಹೆಸರು ಪರಕೀಯವಾದರೆ ಮುಂದಿನ ಸಲಹೆಯೂ ಪರಕೀಯವಾಗುತ್ತದೆ. ಆದರೆ ಪೂರಾ ಆಡುಮಾತಿನಲ್ಲಿ ನಾಟಕದಂತೆ ಓದುವುದೂ ಬೇಡ. ಅದು ರೈತನನ್ನು ಗೇಲಿ ಮಾಡಿದಂತಾದೀತು. ವಸ್ತುವಿನ ಹೆಸರು ಊರಿನದ್ದಿರಲಿ, ವಾಕ್ಯ ಎಲ್ಲರದ್ದಿರಲಿ. ನಿಧಾನವಾಗಿ ಓದಿದರೆ ಐದು ನಿಮಿಷಕ್ಕೆ ಹಿಡಿಸುವುದು ಸುಮಾರು ಐದುನೂರು ಪದ, ಹೆಚ್ಚಲ್ಲ.

ಹಾವೇರಿಗೆ ಬರೋಣ. ಜಿಲ್ಲಾ ಕೇಂದ್ರವಾದುದರಿಂದ ಮಳೆಯ ಮುನ್ಸೂಚನೆ, ಗೊಬ್ಬರದ ದಾಸ್ತಾನು ಮೊದಲಾದವು ಇಲ್ಲಿನ ಕಚೇರಿಗಳಿಂದಲೇ ಸಿಗಬೇಕು. 2008ರ ಜೂನ್ 10ರಂದು ಗೊಬ್ಬರಕ್ಕಾಗಿ ಹಾವೇರಿಯಲ್ಲಿ ಸೇರಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಅದು ಮಿರಗ ಮಳೆಯ ಕಾಲ, ಬಿತ್ತನೆ ಒಂದು ದಿನವೂ ಕಾಯದ ಹೊತ್ತು. ವಾರ್ತೆ ಗೊಬ್ಬರದ ಚೀಲವನ್ನು ಹುಟ್ಟಿಸಲಾರದು, ಆದ್ದರಿಂದ ವಾರ್ತೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳುವುದು ಹಗುರ ಮಾತಾದೀತು. ಆದರೆ ಯಾವ ಊರಿನಲ್ಲಿ ಎಷ್ಟು ಚೀಲ ಇದೆ, ಮುಂದಿನ ಲಾರಿ ಎಂದು ಬರುತ್ತದೆ ಎಂಬುದು ಗೊತ್ತಿಲ್ಲದ ಕಡೆ ಗಾಳಿಸುದ್ದಿ ಹಬ್ಬುತ್ತದೆ, ಸಾಲು ಉದ್ದವಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಇಂದಿಗೂ ಜೂನ್ ತಿಂಗಳಲ್ಲಿ ಡಿ.ಎ.ಪಿ. ಇಲ್ಲವಂತೆ ಎಂಬ ಒಂದು ಮಾತು ಸಾಕು, ಜನ ನಸುಕಿನಲ್ಲಿಯೇ ಅಂಗಡಿಯ ಮುಂದೆ ನಿಲ್ಲುತ್ತಾರೆ.

ಇಂತಹ ದಿನ ವಿದ್ಯಾರ್ಥಿಗಳ ವಾರ್ತೆ ಎರಡು ಕೆಲಸ ಮಾಡಬಹುದು. ಮೊದಲನೆಯದು, ದಾಸ್ತಾನನ್ನು ಹೇಳುವುದು: ಯಾರು ಹೇಳಿದ್ದು, ಯಾವ ದಿನದ ಎಷ್ಟು ಗಂಟೆಯ ಲೆಕ್ಕ ಎಂಬುದರ ಸಹಿತ. ಬೆಳಗಿನ ದಾಸ್ತಾನನ್ನು ಸಂಜೆ ಓದಿದರೆ ಅದು ಸುಳ್ಳಾಗಿರುತ್ತದೆ. ಲೆಕ್ಕ ಸಿಗದಿದ್ದರೆ ಸಿಗಲಿಲ್ಲ ಎಂದೇ ಓದಬೇಕು. ಎರಡನೆಯದು ಕೃಷಿ ಕಲಿತವನಿಂದ ಮಾತ್ರ ಆಗುವ ಕೆಲಸ. ಐವತ್ತು ಕಿಲೋ ಡಿ.ಎ.ಪಿ. ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ ಇರುತ್ತದೆ. ಅದು ಸಿಗದ ದಿನ ಸಿಂಗಲ್ ಸೂಪರ್ ಫಾಸ್ಫೇಟ್ ಮೂರು ಚೀಲ ಮತ್ತು ಯೂರಿಯಾ 20 ಕಿಲೋ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಪೋಷಕಾಂಶ ದೊರೆಯುತ್ತದೆ. ಸೂಪರ್ ಫಾಸ್ಫೇಟಿನಲ್ಲಿ ಗಂಧಕವೂ ಇರುವುದರಿಂದ ಶೇಂಗಾ, ಉಳ್ಳಾಗಡ್ಡಿಗೆ ಅದು ಒಳ್ಳೆಯದೇ. ಚೀಲ ಹೊರುವ, ಹರಡುವ ಆಳಿನ ಖರ್ಚು ಹೆಚ್ಚಾಗುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಇಷ್ಟನ್ನು ಅರ್ಧ ನಿಮಿಷದಲ್ಲಿ ಓದಬಹುದು. ಸಾಲಿನಲ್ಲಿ ನಿಂತವರಲ್ಲಿ ಹತ್ತು ಜನ ಕೇಳಿ ಹೊರಳಿದರೂ ಸಾಲು ಅಷ್ಟು ಸಡಿಲವಾಗುತ್ತದೆ.

ಮಳೆಯ ಮುನ್ಸೂಚನೆಯನ್ನು ವಿದ್ಯಾರ್ಥಿಗಳು ಇದ್ದಂತೆಯೇ ಓದಿಬಿಡುತ್ತಾರೆ: "ಅಲ್ಲಲ್ಲಿ ಸಾಧಾರಣ ಮಳೆಯಾಗುವ ಸಂಭವವಿದೆ." ಹವಾಮಾನ ಇಲಾಖೆಯ ಲೆಕ್ಕದಲ್ಲಿ ಸಾಧಾರಣ ಮಳೆ ಎಂದರೆ ದಿನಕ್ಕೆ 15.6ರಿಂದ 64.4 ಮಿಲಿಮೀಟರು. ಅಂದರೆ ಬಿತ್ತನೆಗೆ ಹದವಾಗುವ ಮಳೆಯೂ ಅದೇ, ಬದುವು ಒಡೆಯುವಷ್ಟು ಸುರಿಯುವ ಮಳೆಯೂ ಅದೇ. ರೈತನ ಬಾಯಲ್ಲಿ ಸಾಧಾರಣ ಎಂದರೆ ಅಷ್ಟಕ್ಕಷ್ಟೆ ಎಂದರ್ಥ. ಹೆಚ್ಚಿನ ಕಡೆ ಎಂದು ಇಲಾಖೆ ಹೇಳಿದರೆ ನೂರು ಮಳೆಮಾಪಕಗಳಲ್ಲಿ ಎಪ್ಪತ್ತಾರಕ್ಕೆ ಕಡಿಮೆಯಿಲ್ಲದಂತೆ ಮಳೆ ಬಿದ್ದೀತು ಎಂದು, ಒಂದೆರಡು ಕಡೆ ಎಂದರೆ ಇಪ್ಪತ್ತೈದರೊಳಗೆ ಎಂದು. ಈ ಅಳತೆಯನ್ನು ತಿಳಿಯದೆ ಓದಿದವನು ಗಿಳಿಪಾಠ ಒಪ್ಪಿಸಿದಂತೆ. ಒಣಗಲು ಹರವಿದ ಮೆಣಸಿನಕಾಯಿ ಕಣದಲ್ಲಿರುವಾಗ "ನಾಲ್ಕು ಊರಲ್ಲಿ ಒಂದೂರಿಗೆ ಮಳೆ ಬಂದರೂ ಬರಬಹುದು, ಸಂಜೆಗೆ ತಾಡಪತ್ರಿ ಹತ್ತಿರ ಇರಲಿ" ಎಂದು ಓದುವುದೇ ಉಪಕಾರ.

ರಾಣೆಬೆನ್ನೂರಿನ ಮಾತು ಸ್ವಲ್ಪವೇ ಇದೆ, ಆದರೆ ಅದು ವಾರ್ತೆಯ ವೇಳೆಯನ್ನೇ ನಿರ್ಧರಿಸುವಂಥದು. ಈ ಭಾಗವು ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದುದು. ಹತ್ತಿಯ ಕ್ರಾಸಿಂಗ್ ಕೆಲಸದಲ್ಲಿ ಮಧ್ಯಾಹ್ನದ ನಂತರ ಮೊಗ್ಗಿನ ಗಂಡುಭಾಗ ತೆಗೆಯುತ್ತಾರೆ, ಮರುದಿನ ಬೆಳಗಿನ ಹೊತ್ತು ಪರಾಗ ಮುಟ್ಟಿಸುತ್ತಾರೆ. ಈ ಕೆಲಸಕ್ಕೆ ಬರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅವರ ಎರಡೂ ಕೈಗಳಿಗೆ ಬಿಡುವಿಲ್ಲ, ಕಿವಿ ಮಾತ್ರ ಬಿಡುವಾಗಿರುತ್ತದೆ. ಸಂಜೆ ಏಳರ ಕಾರ್ಯಕ್ರಮದ ಹೊತ್ತಿಗೆ ಅವರು ಒಲೆಯ ಮುಂದೆ ಇರುತ್ತಾರೆ. ಹೊಲದಲ್ಲಿ ಒಂದು ಫೋನೋ ಚಿಕ್ಕ ರೇಡಿಯೋವೋ ಬದುವಿನ ಮೇಲಿದ್ದರೆ ಬೆಳಿಗ್ಗೆ ಹತ್ತರ ವಾರ್ತೆಯನ್ನು ಹತ್ತು ಹದಿನೈದು ಜನ ಒಟ್ಟಿಗೆ ಕೇಳುತ್ತಾರೆ, ಕೇಳಿದ್ದನ್ನು ಅಲ್ಲಿಯೇ ಚರ್ಚಿಸುತ್ತಾರೆ. 1956ರಲ್ಲಿ ಪುಣೆ ಆಕಾಶವಾಣಿಯ ವ್ಯಾಪ್ತಿಯ 150 ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ರೇಡಿಯೋ ಗ್ರಾಮೀಣ ವೇದಿಕೆಗಳನ್ನು ಕಟ್ಟಿ ಪರೀಕ್ಷಿಸಿದಾಗ ಕಂಡದ್ದೂ ಇದನ್ನೇ: ಒಬ್ಬೊಬ್ಬರೇ ಕೇಳುವುದಕ್ಕಿಂತ ಗುಂಪಾಗಿ ಕೇಳಿ ಮಾತಾಡಿದರೆ ವಿಷಯ ಹೆಚ್ಚು ನಿಲ್ಲುತ್ತದೆ. ಈ ಹೆಣ್ಣುಮಕ್ಕಳ ಕೂಲಿಯ ದರವೂ ವಾರ್ತೆಯಲ್ಲಿ ಬರಬೇಕೇ ಎಂದು ವಿದ್ಯಾರ್ಥಿಗಳು ವಾದಿಸುವುದುಂಟು. ಮೆಣಸಿನಕಾಯಿಯ ಧಾರಣೆ ಬರುವುದಾದರೆ ಕೂಲಿಯ ಧಾರಣೆ ಬರಬಾರದು ಎನ್ನಲು ಕಾರಣ ಕಾಣುವುದಿಲ್ಲ. ಇಲ್ಲಿ ಕುಳಿತ ಕೆಲವು ಜಮೀನುದಾರರಿಗೆ ಅದು ಹಿಡಿಸಲಿಕ್ಕಿಲ್ಲ, ಇರಲಿ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ವಾರ್ತೆಯಲ್ಲಿ ತಪ್ಪು ಹೋದರೆ ಅದೇ ವೇಳೆಗೆ, ಮೊದಲನೆಯ ಅಂಶವಾಗಿ, ತಪ್ಪು ಯಾವುದು, ಸರಿ ಯಾವುದು ಎಂದು ಓದಿಸಿರಿ. ಯಾವುದೇ ಬೀಜ ಮೊಳೆಯಲಿಲ್ಲವೆಂಬ ದೂರು ಬಂದಾಗ ಚೀಲದ ಲಾಟ್ ನಂಬರು, ಖರೀದಿಯ ರಸೀದಿ, ಹೊಲದ ಹದ ಇಷ್ಟನ್ನೂ ನೋಡದೆ ಹೆಸರು ಹೇಳಿಸಬೇಡಿರಿ. ಬಾಯಿಂದ ಬಾಯಿಗೆ ಬಂದ ಮಾತಿಗೆ ಬಾನುಲಿಯಲ್ಲಿ ಓದಿದೊಡನೆ ಸರಕಾರಿ ಮುದ್ರೆ ಬಿದ್ದಂತಾಗುತ್ತದೆ.

ರೈತ ಬಾಂಧವರಿಗೆ ಒಂದು ಕೋರಿಕೆ. ವಿದ್ಯಾರ್ಥಿಗಳು ಪೇಟೆಯಲ್ಲಿ ಬಂದು ಧಾರಣೆ ಕೇಳಿದಾಗ ನಿಮ್ಮ ಪಟ್ಟಿಯನ್ನೇ ತೋರಿಸಿರಿ. ಕಡಿಮೆ ಬಿದ್ದಿದ್ದರೆ ನಾಚಿಕೆಯಿಂದ ಹೆಚ್ಚು ಹೇಳುವುದು, ಹೆಚ್ಚು ಬಿದ್ದಿದ್ದರೆ ದೃಷ್ಟಿಯಾದೀತೆಂದು ಕಡಿಮೆ ಹೇಳುವುದು ಎರಡೂ ನಡೆಯುತ್ತವೆ. ಇದರಿಂದ ಲೆಕ್ಕ ಕೆಡುತ್ತದೆ. ಪಟ್ಟಿಯ ಮೇಲಿನ ಹೆಸರನ್ನು ಅವರು ಬರೆದುಕೊಳ್ಳಬೇಕಾಗಿಲ್ಲ. ಜಾತಿ, ತೂಕ, ಧಾರಣೆ ಸಾಕು. ಸೋಮವಾರದ ಟೆಂಡರಿನಲ್ಲಿ ನೂರು ಪಟ್ಟಿಗಳನ್ನು ನೋಡಿದರೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಓದುವಂತೆ ವಾರ್ತೆ ಸಿದ್ಧವಾಗುತ್ತದೆ. ಗುರುವಾರದ ಟೆಂಡರಿಗೆ ಮಾಲು ತರಬೇಕೋ, ಇನ್ನೊಂದು ವಾರ ಕಣದಲ್ಲಿಯೇ ಬಿಡಬೇಕೋ ಎಂದು ಯೋಚಿಸಿ ಗಾಡಿ ಗೊತ್ತುಮಾಡಲು ಬುಧವಾರ ಸಂಜೆಯವರೆಗೆ ಸಮಯವಿರುತ್ತದೆ.